ಅಪ್ಪನ ಪಂಚೆ, ನನ್ನ ಸೊಂಟ

ಹೋದ ತಿಂಗಳು ಒಂದು ಬೆಳಿಗ್ಗೆ ನನ್ನ ಅಪ್ಪ ನನ್ನ ಮೇಲೆ ಬಿದ್ದರು. ತಪ್ಪು ಅವರದಲ್ಲ. ಬೀಳಿಸಿದವನು ನಾನೇ, ಅಡಿಯಲ್ಲಿ ಸಿಕ್ಕಿಕೊಂಡವನೂ ನಾನೇ. ಎಪ್ಪತ್ತೊಂದು ವರ್ಷದ ಅಪ್ಪನಿಗೆ ಒಂದು ತರಚು ಗಾಯವೂ ಆಗಲಿಲ್ಲ. ನಲವತ್ತೆರಡರ ಮಗ ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ಬಂದ.

(ಈ ಅಂಕಣ ಎರಡು ವಾರ ಯಾಕೆ ಬರಲಿಲ್ಲ ಅಂತ ಸಂಪಾದಕರಿಗೆ ಇಬ್ಬರು ಕಾಗದ ಬರೆದಿದ್ದರಂತೆ. ಒಬ್ಬಳು ಅರಕಲಗೂಡಿನಲ್ಲಿರುವ ನನ್ನ ತಂಗಿ. ಇನ್ನೊಬ್ಬ ಮಹನೀಯರು, ಆ ಜಾಗದಲ್ಲಿ ಬಂದಿದ್ದ ಹಲ್ಲುಪುಡಿಯ ಜಾಹೀರಾತು ಚೆನ್ನಾಗಿತ್ತು, ಅದನ್ನೇ ಮುಂದುವರಿಸಿ ಅಂದಿದ್ದಾರೆ.)

ಮೊದಲಿಂದ ಹೇಳುತ್ತೇನೆ. ಅಪ್ಪ ಹೊಳೆನರಸೀಪುರದಲ್ಲಿ ಮೂವತ್ತು ವರ್ಷ ಪ್ರೈಮರಿ ಸ್ಕೂಲ್ ಮೇಷ್ಟ್ರು. ಕಚ್ಚೆ ಪಂಚೆ, ಕ್ಲೋಸ್ ಕಾಲರ್ ಕೋಟು, ಪೇಟ. ನಮ್ಮ ಪೇಟೆ ಬೀದಿಯಲ್ಲಿ ಅವರ ಕೈಯಿಂದ ಕಿವಿ ಹಿಂಡಿಸಿಕೊಳ್ಳದ ಗಂಡಸು ಸಿಗುವುದು ಕಷ್ಟ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ಹದಿನೈದು ವರ್ಷವಾಯಿತು, ಆದರೂ ಊರಿನ ಪಾಲಿಗೆ 'ಮೇಷ್ಟ್ರು' ಅಂದರೆ ಅಪ್ಪ. ನಾನು 'ಮೇಷ್ಟ್ರ ಮಗ'.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಮಾತು ನಿಂತಿತು. ಉಳಿದದ್ದು ಎಡಗೈ, ಎಡಗಾಲು, ಮತ್ತು ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುತ್ತಿದ್ದ ಆ ಕಣ್ಣು. ಅದನ್ನು ಲಕ್ವಕ್ಕೂ ಏನೂ ಮಾಡಲಾಗಲಿಲ್ಲ.

"ಮಲಗಿಸಿಯೇ ಬಿಡಬೇಡಿ. ದಿನಾ ಎತ್ತಿ ಕೂರಿಸಿ," ಅಂದರು ಡಾಕ್ಟರು. "ಮಲಗೇ ಇದ್ದರೆ ಬೆನ್ನು ಹುಣ್ಣಾಗುತ್ತೆ, ಎದೇಲಿ ಕಫ ಕಟ್ಟುತ್ತೆ. ಆಮೇಲೆ ನಾನು ಬಂದೂ ಪ್ರಯೋಜನ ಇಲ್ಲ."

ಸರಿ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅಪ್ಪನನ್ನು ಮಂಚದಿಂದ ಎತ್ತಿ, ಜಗಲಿಯ ಕುರ್ಚಿಗೆ ಸಾಗಿಸುವ ಕೆಲಸ ನನ್ನದಾಯಿತು. ಅಲ್ಲಿ ಕೂತರೆ ಬೀದಿ ಕಾಣುತ್ತದೆ, ಹಾಸನದ ಬಸ್ಸು ಕಾಣುತ್ತದೆ, ಹಳೇ ಶಿಷ್ಯರು ಕಾಣುತ್ತಾರೆ. ಹೋಗುವವರು ಬರುವವರು "ನಮಸ್ಕಾರ ಮೇಷ್ಟ್ರೇ" ಅನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಔಷಧಿ ಉಂಟೆ?

ಎತ್ತುವುದರಲ್ಲಿ ನನ್ನದೊಂದು ಪದ್ಧತಿ ಇತ್ತು. ಹಿಂದಿನಿಂದ ಹೋಗಿ ಎರಡೂ ಕಂಕುಳಿಗೆ ಕೈ ಹಾಕುವುದು. "ಏಳಿ ಅಪ್ಪ" ಅನ್ನುವುದು. ಅನ್ನುವಷ್ಟರಲ್ಲಿ ಎತ್ತಿಬಿಡುವುದು. ಕಂಕುಳಿಗೆ ಕೈ ಸಿಗದಿದ್ದರೆ ಸೋತ ಕೈಯನ್ನೇ ಹಿಡಿದು ಎಳೆಯುವುದು. ಸ್ಕೂಲಿಗೆ ಹೊತ್ತಾಗಿರುತ್ತಿತ್ತು ನೋಡಿ.

ಎರಡು ತಿಂಗಳು ಹೀಗೇ ನಡೆಯಿತು. ಆಮೇಲೆ ಅಪ್ಪ ಹಠ ಶುರು ಮಾಡಿದರು. ನಾನು ಹತ್ತಿರ ಹೋದ ತಕ್ಷಣ ಎಡಗೈಯನ್ನು ಹೊದಿಕೆಯೊಳಗೆ ಸೇರಿಸಿ ಏನನ್ನೋ ಬಿಗಿಯಾಗಿ ಹಿಡಿದುಕೊಳ್ಳುವುದು. ಮಂಚದ ಪಟ್ಟಿಯೋ, ಹಾಸಿಗೆಯ ಅಂಚೋ, ಯಾರು ನೋಡಿದರು? ಜಗಲಿಗೆ ತಂದು ಕೂರಿಸಿದರೂ ಆ ಕೈ ಹೊಟ್ಟೆಯ ಹತ್ತಿರವೇ ಮುಷ್ಟಿ. ಬೀದಿಯವರು ನಮಸ್ಕಾರ ಹೇಳಿದರೆ ಕೈ ಎತ್ತುತ್ತಿರಲಿಲ್ಲ. "ಮೇಷ್ಟ್ರಿಗೆ ನಮ್ಮ ಗುರ್ತೇ ಸಿಗಲ್ಲ ಅನ್ನಿಸುತ್ತೆ" ಅಂತ ಜನ ಅಂದುಕೊಂಡರು. ನನಗೂ ಹಾಗೇ ಅನ್ನಿಸಿತು.

ನನ್ನ ಹೆಂಡತಿ ಸರೋಜ ಮಾತ್ರ ಒಂದು ದಿನ ಅಂದಳು. "ಒಂದು ಮಾತು ಕೇಳಿ ಎತ್ತಬಾರದೇನ್ರೀ ಅವರನ್ನ?"

"ಮಾತೇ ಆಡದವರನ್ನ ಏನಂತ ಕೇಳಲೇ?" ಅಂದೆ. ಆವತ್ತು ಅದು ಭಾರಿ ಬುದ್ಧಿವಂತ ಉತ್ತರ ಅಂದುಕೊಂಡಿದ್ದೆ.

ಆ ಬೆಳಿಗ್ಗೆ ಅಪ್ಪನ ಮುಷ್ಟಿ ಎಂದಿಗಿಂತ ಬಿಗಿ. ನಾನು ಒಂದೊಂದೇ ಬೆರಳು ಬಿಡಿಸಿದೆ. ಬಿಡಿಸಿದ ಹಾಗೆಲ್ಲ ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಪೂರ್ತಿ ಬಿಡಿಸಿ, ಕಂಕುಳಿಗೆ ಕೈ ಹಾಕಿ, ಜಗ್ಗಿ ಎತ್ತಿದೆ. ನನ್ನ ಸೊಂಟದಲ್ಲಿ ಏನೋ 'ಚಳಕ್' ಅಂತು. ಕಣ್ಣು ಕತ್ತಲೆ ಬಂತು. ನಾನು ಕೆಳಗೆ, ಅಪ್ಪ ನನ್ನ ಮೇಲೆ.

ಅಪ್ಪನ ಎಡಗೈ ನನ್ನ ಹೊಟ್ಟೆಯ ಮೇಲೆಲ್ಲ ತಡಕಾಡಿತು. ಪಾಪ, ಏಳಲು ಆಸರೆ ಹುಡುಕುತ್ತಿದ್ದಾರೆ ಅಂದುಕೊಂಡೆ. ನನ್ನ ಅಂದಾಜುಗಳೆಲ್ಲ ಆ ಕಾಲಕ್ಕೆ ಹೀಗೇ ಇದ್ದವು.

ಸರೋಜ ಕೂಗಿಕೊಂಡದ್ದಕ್ಕೆ ಪಕ್ಕದ ತೆಂಗಿನಕಾಯಿ ಮಂಡಿಯಿಂದ ಕಾಳೇಗೌಡ ಓಡಿ ಬಂದ. ಕಾಳೇಗೌಡ ಮಂಡಿಯಲ್ಲಿ ಮೂಟೆ ಹೊರುವವನು. ಅಪ್ಪನ ಹಳೇ ಶಿಷ್ಯ, ಮೂರನೇ ಕ್ಲಾಸಿನವರೆಗೆ. ತೋಳು ಅಂದರೆ ತೋಳು ಅವನದು. ಅವನ ಹಿಂದೆ ಮಂಡಿಯ ಇನ್ನಿಬ್ಬರು ಆಳುಗಳು. ಅವರ ಹಿಂದೆ ಮಂಡಿ ಸಾಹುಕಾರರು ಪದ್ಮರಾಜಯ್ಯ. ಚನ್ನರಾಯಪಟ್ಟಣದ ಕಡೆಯ ಜೈನರು, ಮೆತ್ತನೆ ಮನುಷ್ಯ, ಇರುವೆ ಕಂಡರೂ ಸುತ್ತಿ ಹೋಗುವವರು. ಕಾಳೇಗೌಡ ಅಪ್ಪನನ್ನು ಎತ್ತಿ ಮಂಚದ ಮೇಲೆ ಮಲಗಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಏಳಿ ಸಾ."

"ಆಗೋದಿಲ್ಲ ಕಣೋ ಕಾಳೇಗೌಡ."

"ಅಂಗಾದ್ರೆ ನಾವೇ ಎತ್ಬುಡ್ತೀವಿ. ಮಂಡಿ ಲಾರಿ ಆಸನಕ್ಕೇ ಓಯ್ತಾ ಅದೆ. ದೊಡ್ಡಾಸ್ಪತ್ರೆಗೆ ಆಕ್ಬುಡಾನ."

ಪದ್ಮರಾಜಯ್ಯನವರು ಮಂಡಿಯಿಂದ ಬಿದಿರಿನ ಏಣಿ ತರಿಸಿದರು. ಅದರ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತರೆ ಅಲುಗಾಟ ಇರುವುದಿಲ್ಲ ಅನ್ನುವುದು ಅವರ ಯೋಚನೆ. ನಿಜ ಹೇಳಬೇಕೆಂದರೆ ಆವತ್ತು ಯಾರಿಗಾದರೂ ಹೊಳೆದ ಒಂದೇ ಒಂದು ಸರಿಯಾದ ಯೋಚನೆ ಅದು. ಆದರೆ ಸರೋಜ ಏಣಿ ನೋಡಿದ್ದೇ ಬಾಗಿಲಿಗೆ ಅಡ್ಡ ನಿಂತಳು.

"ಬಿದಿರು, ನಾಲ್ಕು ಜನ, ಹೆಗಲು. ಅದು ಹೇಗೆ ಕಾಣುತ್ತೆ ಅಂತ ನೀವೇ ನೋಡಿ ಸಾಹುಕಾರ್ರೆ. ನಮ್ಮನೆಯಿಂದ ಅದು ಹೊರಗೆ ಹೋಗಕೂಡದು."

ಪದ್ಮರಾಜಯ್ಯನವರು ಏಣಿ ನೋಡಿದರು, ನನ್ನನ್ನು ನೋಡಿದರು, ನಾಲಿಗೆ ಕಚ್ಚಿಕೊಂಡು ಏಣಿ ವಾಪಸು ಕಳಿಸಿದರು. ಏಣಿ ಒಳಗೆ ಬರುವುದನ್ನು ನೋಡಿದ್ದ ಎದುರು ಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರು ಆಗಲೇ ಟೋಪಿ ತೆಗೆದು, ಕೈ ಮುಗಿದು ನಿಂತಿದ್ದರು. "ನಿನ್ನೆ ಚೆನ್ನಾಗಿದ್ರಲ್ಲ" ಅಂತ ಯಾರಿಗೋ ಹೇಳುತ್ತಿದ್ದದ್ದು ಒಳಗೇ ಕೇಳಿಸಿತು.

ಏಣಿ ಇಲ್ಲದ ಮೇಲೆ ಉಳಿದದ್ದು ಕೈ. ಕಾಳೇಗೌಡ ನನ್ನ ಕಂಕುಳಿಗೆ ತೋಳು ಹಾಕಿದ. ಒಬ್ಬ ಕಾಲು ಹಿಡಿದ. ಇನ್ನೊಬ್ಬನಿಗೆ ಹಿಡಿಯಲು ಏನೂ ಉಳಿದಿರಲಿಲ್ಲ. ಅವನು ಮೂಟೆಯ ಕಿವಿ ಹಿಡಿದು ಅಭ್ಯಾಸ ಇರುವವನು. ನನ್ನಲ್ಲಿ ಕಿವಿಯ ಹಾಗೆ ಕಂಡದ್ದು ಸೊಂಟದಲ್ಲಿದ್ದ ಪಂಚೆಯ ಗಂಟು. ಅದನ್ನೇ ಹಿಡಿದ. "ಐಸಾ" ಅಂದರು. ನಾನು ಮೇಲೆ ಹೋದೆ. ಗಂಟು ಕೆಳಗೆ ಹೋಯಿತು.

ಓದುಗರೇ, ಸಮಯ ಒಂಬತ್ತೂವರೆ. ನಮ್ಮ ಹೈಸ್ಕೂಲಿನ ಮಕ್ಕಳು ಬೀದಿ ತುಂಬ ಸ್ಕೂಲಿಗೆ ಹೋಗುತ್ತಿರುವ ಹೊತ್ತು. ಹತ್ತನೇ ಕ್ಲಾಸಿನ ಹೆಣ್ಣುಮಕ್ಕಳು ನಾಲ್ಕು ಜನ ಪುಸ್ತಕ ಎದೆಗೆ ಒತ್ತಿಕೊಂಡು ನಿಂತು ನೋಡುತ್ತಿದ್ದಾರೆ. ಅವರಿಗೆ ಸಂಸ್ಕೃತ ಹೇಳಿಕೊಡುವ ಮೇಷ್ಟ್ರು ಮೂವರು ಆಳುಗಳ ನಡುವೆ ಜೋತಾಡುತ್ತ ಜಗಲಿ ಇಳಿಯುತ್ತಿದ್ದಾರೆ. ಸೊಂಟದ ನೋವೇ? ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ನನ್ನ ಪ್ರಾಣವೆಲ್ಲ ಪಂಚೆಯಲ್ಲಿತ್ತು.

"ಕೈ ಬಿಡೋ" ಅಂದೆ.

"ಬುಟ್ರೆ ಬೀಳ್ತೀರಿ ಸಾ."

"ಬೀಳ್ತೀನಿ, ಬಿಡು."

"ನೋವ್ಗೆ ಏನೋ ಮಾತಾಡ್ತಾವ್ರೆ" ಅಂತ ಕಾಳೇಗೌಡ ಉಳಿದವರಿಗೆ ವಿವರಿಸಿದ. ಹೇಗೋ ಕೊಸರಿ ಒಂದು ಕೈ ಬಿಡಿಸಿಕೊಂಡು ಪಂಚೆಯನ್ನು ಮುಷ್ಟಿಯಲ್ಲಿ ಹಿಡಿದೆ. ಲಾರಿಯ ಹಿಂಬಾಗಿಲಿಗೆ ಬಂದಾಗ ಆ ಕೈ ಅಡ್ಡ ಬಂತು. ಕಾಳೇಗೌಡ ನನ್ನ ಬೆರಳು ಬಿಡಿಸಲು ನೋಡಿದ. ನಾನು ಬಿಡಲಿಲ್ಲ. "ಅದ್ಯಾಕ್ ಸಾ ಇಂಗೆ ಅಠ ಮಾಡ್ತೀರಿ" ಅಂದ. ಖಾಲಿ ಗೋಣಿಚೀಲಗಳ ಮೇಲೆ ನನ್ನನ್ನು ಮಲಗಿಸಿದರು. ಹಾಸನದವರೆಗೆ ಪ್ರತಿ ಹಳ್ಳವೂ ನನ್ನ ಹೆಸರು ಹಿಡಿದು ಕರೆಯಿತು. ಮುಷ್ಟಿ ಮಾತ್ರ ಸಡಿಲಿಸಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ನನ್ನನ್ನು ಇಳಿಸಿಕೊಳ್ಳಲು ಬಂದವನು ವಾರ್ಡ್ ಬಾಯ್ ನಂಜಪ್ಪ. ಬಾಯ್ ಅನ್ನುವುದು ಕೆಲಸದ ಹೆಸರು. ಮೀಸೆ ಪೂರ್ತಿ ನೆರೆತಿದೆ. ಕೊರವಂಗಲದವನು. ಆಳು ಎಷ್ಟು ಸಣ್ಣ ಅಂದರೆ, ಕಾಳೇಗೌಡ ಅವನನ್ನು ನೋಡಿ "ಇವ್ನಾ ಎತ್ತೋನು?" ಅಂತ ನನ್ನ ಕಿವಿಯಲ್ಲಿ ಕೇಳಿದ.

ನಂಜಪ್ಪ ಎತ್ತಲಿಲ್ಲ. ಮೊದಲು ನನ್ನ ಮುಖದ ಹತ್ತಿರ ಬಗ್ಗಿದ. "ಸಾ, ನಾನು ನಂಜಪ್ಪ. ನಿಮ್ಮನ್ನ ಈ ತಳ್ಳೋ ಮಂಚಕ್ಕೆ ದಾಟುಸ್ಬೇಕು. ಏನ್ ಮಾಡ್ತೀನಿ ಅಂತ ಏಳೇ ಮಾಡ್ತೀನಿ. ನೋವಾದ್ರೆ 'ಇರು' ಅನ್ನಿ, ಅಲ್ಲೇ ನಿಲ್ಲುಸ್ತೀನಿ. ಆಯ್ತಾ?"

ಆ ಬೆಳಗಿನಿಂದ ನನ್ನನ್ನು ಒಬ್ಬರು ಏನಾದರೂ ಕೇಳಿದ್ದು ಅದೇ ಮೊದಲು. "ಆಯ್ತಪ್ಪ" ಅಂದೆ.

ಆಮೇಲೆ ನಂಜಪ್ಪ ನನ್ನ ಮುಷ್ಟಿ ನೋಡಿದ.

"ಅವಾಗ್ನಿಂದ ಅಂಗೇ ಇಡ್ಕಂಡವ್ರೆ," ಅಂದ ಕಾಳೇಗೌಡ. "ಅಠ."

"ಅಠ ಅಲ್ಲ ಕಣಪ್ಪ. ಪಂಚೆ," ಅಂದ ನಂಜಪ್ಪ. "ಇಲ್ಲಿಗೆ ಬರೋ ಗಂಡಸ್ರು ಇಡ್ಕಳದು ಅದೊಂದ್ನೇಯ. ಕೈ ಬುಡ್ಸೋಕೆ ಓದ್ರೆ ಇನ್ನೂ ಬಿಗಿ ಇಡ್ಕತಾರೆ. ಮೊದ್ಲು ಪಂಚೆ ಕಟ್ಬೇಕು. ಆಮ್ಯಾಕೆ ನೋಡು, ಕೈ ತಾನೇ ಬುಡ್ತದೆ."

ಜೇಬಿನಿಂದ ಹಳೇ ಬೆಡ್‌ಶೀಟು ಹರಿದು ಮಾಡಿದ ಅಗಲವಾದ ಪಟ್ಟಿಯೊಂದನ್ನು ತೆಗೆದ. ಹೊದಿಕೆ ಮುಚ್ಚಿ, ಅದರ ಒಳಗೇ ಪಂಚೆ ಸರಿ ಮಾಡಿ, ಮೇಲೆ ಪಟ್ಟಿ ಸುತ್ತಿ ಕಟ್ಟಿದ. ನನ್ನ ಬೆರಳು ಬಿಟ್ಟುಕೊಂಡವು. ನಾನು ಬಿಟ್ಟದ್ದಲ್ಲ, ಅವೇ ಬಿಟ್ಟವು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಹೊರಳಿಸಿ, ಅಡಿಗೆ ಮಡಿಸಿದ ಶೀಟು ತೂರಿಸಿ, ಇನ್ನೊಬ್ಬನ ಜೊತೆ "ಒಂದು, ಎರಡು, ಮೂರು" ಅಂತ ಎಣಿಸಿ ಶೀಟಿನ ಸಮೇತ ಜಾರಿಸಿದ. ಮೂರು ಅಂದಾಗ ನಾನು ಆ ಕಡೆ ಇದ್ದೆ. ನೋವು ಇತ್ತು, ಆದರೆ ಬರುವ ಮುಂಚೆ ಹೇಳಿ ಬಂದಿತ್ತು.

ವಾರ್ಡಿನಲ್ಲಿ ಮಲಗಿ ಸೂರು ನೋಡುತ್ತಿದ್ದಾಗ ನನಗೆ ಅಪ್ಪನ ಮುಷ್ಟಿ ನೆನಪಾಯಿತು.

ಮಂಚದ ಪಟ್ಟಿಯಲ್ಲ. ಹಾಸಿಗೆಯ ಅಂಚಲ್ಲ. ಮೂವತ್ತು ವರ್ಷ ಕಚ್ಚೆ ಕಟ್ಟಿ ಮೊಣಕಾಲು ಕಾಣದ ಹಾಗೆ ಓಡಾಡಿದ ಮನುಷ್ಯ. ಅವರನ್ನು ನಾನು ದಿನಾ ಸುತ್ತುಪಂಚೆಯಲ್ಲಿ ಕಂಕುಳು ಹಿಡಿದು ಎತ್ತುತ್ತಿದ್ದೆ, ಊರೆಲ್ಲ ಶಿಷ್ಯರೇ ಇರುವ ಬೀದಿಗೆ. ಸರಿಯಾಗಿದ್ದದ್ದು ಒಂದೇ ಕೈ. ಅದರಲ್ಲಿ ಪಂಚೆ ಹಿಡಿದುಕೊಳ್ಳಬೇಕೋ, ನಮಸ್ಕಾರ ಮಾಡಬೇಕೋ? ನಾನು ಆ ಬೆರಳುಗಳನ್ನೂ ಬಿಡಿಸುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಡಾಕ್ಟರು ನೋಡಿ, ಮೂಳೆಗೆ ಏನೂ ಆಗಿಲ್ಲ, ಸೊಂಟ ಹಿಡಿದಿದೆ, ಹಲಗೆಯ ಮೇಲೆ ಹತ್ತು ದಿನ ಮಲಗಬೇಕು ಅಂದರು. ಮೂರು ತಿಂಗಳು ಯಾರನ್ನೂ ಎತ್ತಕೂಡದು ಅಂತಲೂ ಅಂದರು. ಹಾಗಾದರೆ ಅಪ್ಪನನ್ನು ಎತ್ತುವವರು ಯಾರು?

ನಾಲ್ಕನೇ ದಿನ ಕಾಳೇಗೌಡ ಲಾರಿಯಲ್ಲಿ ಬಂದ. ಮುಖ ಸಪ್ಪಗಿತ್ತು.

"ಮೇಷ್ಟ್ರು ಮಂಚ ಬುಟ್ಟು ಇಳೀತಾನೇ ಇಲ್ಲ ಸಾ. ಅಕ್ಕಾರು ಕರುದ್ರೂ ಇಲ್ಲ, ನಾ ಕರುದ್ರೂ ಇಲ್ಲ. ಆ ಕೈ ಬಿಗಿ ಇಡ್ಕಂಡ್ರೆ ಆಯ್ತು. ಬೆನ್ನು ಎರಡು ಕಡೆ ಕೆಂಪಾಗದೆ. ಕೆಮ್ಮು ಬ್ಯಾರೆ ಶುರುವಾಗದೆ."

ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇತ್ತು. ನನಗೆ ಎದ್ದು ಓಡಬೇಕು ಅನ್ನಿಸಿತು. ಎಡಕ್ಕೆ ಹೊರಳಲೂ ನಂಜಪ್ಪ ಬೇಕಿತ್ತು. ಅವನನ್ನೇ ಕರೆದೆ. ಎಲ್ಲವನ್ನೂ ಹೇಳಿದೆ, ಬೆರಳು ಬಿಡಿಸಿದ್ದನ್ನೂ ಹೇಳಿದೆ. ನಂಜಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸೋತ ಕೈ ಎಳುದ್ರಾ?" ಅಂತ ಅಷ್ಟೇ ಕೇಳಿದ.

"ಎಳೆದೆ."

"ಇನ್ಮ್ಯಾಲೆ ಎಳೀಬ್ಯಾಡಿ. ಭುಜ ಜಾರ್ತದೆ. ಬಾಯಿ ಇಲ್ದೋರು, ನೋವು ಅಂತ ಎಂಗೆ ಏಳ್ತಾರೆ?" ಆಮೇಲೆ ಕಾಳೇಗೌಡನ ಕಡೆ ತಿರುಗಿದ. "ಬಾ ಗೌಡ, ನಿಂಗೆ ಕಲುಸ್ತೀನಿ."

ಪಾಠ ಶುರುವಾಯಿತು. ಮೇಷ್ಟ್ರು ನಂಜಪ್ಪ. ವಿದ್ಯಾರ್ಥಿ ಕಾಳೇಗೌಡ. ಕರಿಹಲಗೆ ನಾನು. (ಹದಿನೈದು ವರ್ಷದ ಸರ್ವಿಸ್‌ನಲ್ಲಿ ಕರಿಹಲಗೆಗೆ ಹೇಗನ್ನಿಸುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ.) ಮಂಡಿ ಲಾರಿ ಹಾಸನಕ್ಕೆ ಬಂದಾಗಲೆಲ್ಲ ಕಾಳೇಗೌಡನಿಗೆ ಒಂದು ಕ್ಲಾಸು. ಮುಖಕ್ಕೆ ಮುಖ ಕೊಟ್ಟು ಹೇಳು. ಪಟ್ಟಿ ಕಟ್ಟು. ಸರಿಯಿರುವ ಪಕ್ಕಕ್ಕೆ ಹೊರಳಿಸು. ಕಾಲು ಇಳಿಸಿ ಕೂರಿಸು. ಕೂತ ಮೇಲೆ ಸ್ವಲ್ಪ ಹೊತ್ತು ಬಿಡು, ತಲೆ ಸುತ್ತು ನಿಲ್ಲಲಿ. ಕುರ್ಚಿ ಯಾವಾಗಲೂ ಸರಿಯಿರುವ ಕಾಲಿನ ಕಡೆ ಇರಲಿ. ಎದುರಿಗೆ ನಿಂತು ಪಟ್ಟಿ ಹಿಡಿದುಕೋ, ಕಂಕುಳು ಹಿಡಿಯಬೇಡ. ಅವರ ಒಳ್ಳೇ ಕೈ ನಿನ್ನ ಹೆಗಲ ಮೇಲೆ.

"ಬೆನ್ನು ಬಗ್ಗುಸ್ಬ್ಯಾಡ ಕಣ್ಲಾ, ಮಂಡಿ ಬಗ್ಗುಸು," ಅಂತ ನಂಜಪ್ಪ ಗದರುತ್ತಿದ್ದ. "ನೀನು ಎತ್ತಾದು ಅಲ್ಲ. ಅವ್ರು ಏಳ್ತಾರೆ. ನೀನು ಜೊತ್ಗೆ ಇರ್ತೀಯ, ಅಷ್ಟೇಯ."

ಇಪ್ಪತ್ತು ವರ್ಷ ಮೂಟೆ ಹೊತ್ತ ಕಾಳೇಗೌಡ ಬೆವತುಬಿಟ್ಟ. "ಮೂಟೆನೇ ಸಲೀಸು ಸಾ," ಅಂದ. "ಅದು ನೋಡಕಿಲ್ಲ."

ಹನ್ನೊಂದನೇ ದಿನ ಲಾರಿ ಡ್ರೈವರ್ ಪಕ್ಕದಲ್ಲಿ ನೆಟ್ಟಗೆ ಕೂತು ಊರಿಗೆ ಬಂದೆ. ಎದುರು ಮನೆಯ ಪೋಸ್ಟ್‌ಮಾಸ್ಟರು ಟೋಪಿ ಹಾಕಿಕೊಂಡೇ ನಮಸ್ಕಾರ ಮಾಡಿದರು. ನೇರವಾಗಿ ಅಪ್ಪನ ಹತ್ತಿರ ಹೋದೆ. ಇಳಿದುಹೋಗಿದ್ದರು. ಹೊದಿಕೆಯೊಳಗೆ ಎಡಗೈ ಆಗಲೇ ಬಿಗಿಯಾಗಿತ್ತು. ನನ್ನ ಕಾಲ ಸಪ್ಪಳಕ್ಕೇ ಬಿಗಿಯಾಯಿತು ಅಂತ ಸರೋಜ ಆಮೇಲೆ ಹೇಳಿದಳು. ಅದನ್ನು ಅವಳು ಹೇಳದಿದ್ದರೂ ಆಗುತ್ತಿತ್ತು.

ಬಗ್ಗಲು ಆಗದ ಸೊಂಟ ಇಟ್ಟುಕೊಂಡು ಮಂಚದ ಪಕ್ಕ ಸ್ಟೂಲು ಎಳೆದು ಕೂತೆ.

"ಅಪ್ಪ, ನೀವು ಏನು ಹಿಡ್ಕೊಂಡಿದ್ದೀರಿ ಅಂತ ನನಗೆ ಈಗ ಗೊತ್ತಾಯ್ತು. ತಪ್ಪಾಯ್ತು. ಇನ್ನು ಯಾರೂ ಬೆರಳು ಬಿಡಿಸೋದಿಲ್ಲ."

ಅಪ್ಪ ನನ್ನನ್ನು ನೋಡಿದರು. ಕಣ್ಣಲ್ಲಿ ನೀರು ತುಂಬಿತು. ನನ್ನ ಕಣ್ಣಲ್ಲೂ ತುಂಬಿತು, ಸರೋಜ ಅಡುಗೆಮನೆಗೆ ಹೋದಳು.

ಕಾಳೇಗೌಡ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲು ಅವನಿಗೆ ಧೈರ್ಯವಿಲ್ಲ. "ಮೇಷ್ಟ್ರು ಎಚ್ಚರವಾಗಿರೋವಾಗ ಮುಟ್ಟೋಕೆ ಬಯ ಆಯ್ತದೆ ಸಾ" ಅಂತ ಪಿಸುಗುಟ್ಟಿದ. ಕೊನೆಗೆ ಹತ್ತಿರ ಬಂದು, ಮೂರನೇ ಕ್ಲಾಸಿನಲ್ಲಿ ಹೊರಗೆ ಹೋಗಲು ಅಪ್ಪಣೆ ಕೇಳುತ್ತಿದ್ದವನ ಹಾಗೆ ಕೈ ಕಟ್ಟಿ ನಿಂತ.

"ಮೇಷ್ಟ್ರೇ, ಪಂಚೆ ಮ್ಯಾಲೆ ಈ ಪಟ್ಟಿ ಕಟ್ತೀನಿ. ಆಮ್ಯಾಕೆ ಜಗ್ಲಿಗೆ ಓಗಾನ. ನೀವು ಊ ಅಂದ್ರೆ ಮಾತ್ರ."

ಅಪ್ಪ ಪಟ್ಟಿಯನ್ನು ನೋಡಿದರು. ಕಾಳೇಗೌಡನನ್ನು ನೋಡಿದರು. ಕಣ್ಣು ಮುಚ್ಚಿ ತೆರೆದರು. ಅದು ಊ.

ಹೊದಿಕೆಯೊಳಗೇ ಪಟ್ಟಿ ಸುತ್ತಿ, ಗಂಟು ಬಿಗಿದಿದೆಯೇ ಅಂತ ಅಪ್ಪನ ಬೆರಳಿನಿಂದಲೇ ಮುಟ್ಟಿಸಿದ. ಇದನ್ನು ನಂಜಪ್ಪ ಹೇಳಿಕೊಟ್ಟಿರಲಿಲ್ಲ, ಅವನಿಗೇ ಹೊಳೆದದ್ದು. ಅಪ್ಪ ಗಂಟನ್ನು ಎರಡು ಸಲ ಎಳೆದು ಪರೀಕ್ಷೆ ಮಾಡಿದರು. ಪಾಸಾಯಿತು. ಮುಷ್ಟಿ ಬಿಟ್ಟಿತು.

ಹೊರಳಿಸಿ, ಕೂರಿಸಿ, ಸುತ್ತು ನಿಲ್ಲಲು ಕಾದು, ಕಾಳೇಗೌಡ ಎದುರಿಗೆ ಮಂಡಿ ಬಗ್ಗಿಸಿ ನಿಂತ. "ಕೈ ನನ್ ಎಗಲ ಮ್ಯಾಲೆ ಇಡಿ ಮೇಷ್ಟ್ರೇ." ಅಪ್ಪನ ಕೈ ಹೆಗಲಿಗೆ ಹೋಯಿತು. ಅಲ್ಲಿ ನಿಲ್ಲಲಿಲ್ಲ. ಹಳೇ ದಾರಿ ನೆನಪಾದ ಹಾಗೆ ಮೇಲೆ ಹೋಗಿ ಅವನ ಬಲಗಿವಿ ಹಿಡಿಯಿತು. ನಲವತ್ತು ದಾಟಿದ ಕಾಳೇಗೌಡ ಕಿವಿ ಹಿಡಿಸಿಕೊಂಡೇ ಒಂದು, ಎರಡು, ಮೂರು ಎಣಿಸಿದ. ಮೂರಕ್ಕೆ ಅಪ್ಪ ನಿಂತಿದ್ದರು.

"ಸರ್ಯಾಗಿ ಎಣುಸ್ದೆ ಕಣ್ ಮೇಷ್ಟ್ರೇ, ಇನ್ ಬುಡಿ," ಅಂದ. ಅಪ್ಪನ ಬಾಯಿಯ ಒಂದು ಪಕ್ಕ ನಕ್ಕಿತು. ಇನ್ನೊಂದು ಪಕ್ಕಕ್ಕೆ ಆಗುವುದಿಲ್ಲ, ಆದರೆ ಅದು ಸಾಕಿತ್ತು.

ಜಗಲಿಯ ಕುರ್ಚಿಯಲ್ಲಿ ಕೂತರು. ಹತ್ತು ಗಂಟೆಯ ಹಾಸನದ ಬಸ್ಸು ಬಂತು. ಕಂಡಕ್ಟರು ಫುಟ್‌ಬೋರ್ಡಿನಿಂದ ಎಂದಿನ ಹಾಗೆ "ನಮಸ್ಕಾರ ಮೇಷ್ಟ್ರೇ" ಅಂದ. ಉತ್ತರ ಬರುವುದಿಲ್ಲ ಅಂತ ಗೊತ್ತಿದ್ದದ್ದರಿಂದ ಆಗಲೇ ಮುಖ ತಿರುಗಿಸಿದ್ದ.

ಅಪ್ಪ ಎಡಗೈ ಎತ್ತಿದರು. ಹಣೆಯವರೆಗೆ ಎತ್ತಿದರು.

ಕಂಡಕ್ಟರು ಬಸ್ಸು ನಿಲ್ಲಿಸಿಬಿಟ್ಟ. ಇಳಿದು ಬಂದು ಕಾಲು ಮುಟ್ಟಿದ. ಅವನೂ ಶಿಷ್ಯನೇ. ಬಸ್ಸು ಹಾಸನಕ್ಕೆ ತಡವಾಗಿ ಹೋಗಿದ್ದರೆ ಪ್ರಯಾಣಿಕರು ನನ್ನನ್ನು ಕ್ಷಮಿಸಬೇಕು. ಅಪ್ಪನಿಗೆ ಎಲ್ಲರ ಗುರುತೂ ಇತ್ತು, ಮೊದಲಿನಿಂದಲೂ ಇತ್ತು. ಖಾಲಿ ಇಲ್ಲದಿದ್ದದ್ದು ಕೈ ಮಾತ್ರ.

ಈಗ ಬೆನ್ನಿನ ಕೆಂಪು ಇಳಿದಿದೆ, ಕೆಮ್ಮೂ ಕಡಿಮೆಯಾಗಿದೆ. ದಿನಾ ಒಂಬತ್ತಕ್ಕೆ ಕಾಳೇಗೌಡ ಬಂದು ಕೈ ಕಟ್ಟಿ ಅಪ್ಪಣೆ ಕೇಳುತ್ತಾನೆ, ಕಿವಿ ಕೊಡುತ್ತಾನೆ. ನಾನು ಸ್ಟೂಲಿನ ಮೇಲೆ ಕೂತು, ಮಂಡಿ ಬಗ್ಗಿಸಿದನೇ ಅಂತ ನೋಡುತ್ತೇನೆ.

ನಿಮ್ಮ ಮನೆಯಲ್ಲೂ ಮಲಗಿದವರು ಒಬ್ಬರಿರಬಹುದು, ಅವರದೂ ಒಂದು ಹಠ ಇರಬಹುದು. ಬೆರಳು ಬಿಡಿಸುವ ಮುಂಚೆ, ಒಳಗೆ ಏನಿದೆ ಅಂತ ಒಂದು ಸಲ ನೋಡಿದ್ದೀರಾ?